ಬಣ್ಣದ ಲೈಟಿನವನಿಗೆ ಬರುವ ಫೋನುಗಳು

ಇಂಥ ಫೋನುಗಳು ಹುಡುಕಿಕೊಂಡು ನನ್ನ ಹತ್ತಿರವೇ ಯಾಕೆ ಬರುತ್ತವೋ ಗೊತ್ತಿಲ್ಲ. ಪಾಂಡವಪುರದಲ್ಲಿ ನನ್ನದೊಂದು ಸಣ್ಣ ಎಲೆಕ್ಟ್ರಿಕ್ ಅಂಗಡಿ. ಮೊದಲು ಪಂಪು, ಮೋಟರು ರಿಪೇರಿ ಮಾಡುತ್ತಿದ್ದೆ. ಈಗ ಕೆಲವು ವರ್ಷದಿಂದ ಬಣ್ಣ ಬದಲಾಯಿಸುವ ಎಲ್‌ಇಡಿ ಪಟ್ಟಿಯೇ ಹೆಚ್ಚು. ನಡುಮನೆಯ ಸೀಲಿಂಗಿನ ಸುತ್ತ ಅಂಟಿಸುವುದು, ರಿಮೋಟಿಗೋ ಫೋನಿಗೋ ಜೋಡಿಸಿಕೊಟ್ಟು ಬರುವುದು. ಹಾಕಿಸುವ ದಿನ ಎಲ್ಲರೂ ನಗುತ್ತಾರೆ. ಆಮೇಲೆ ನನಗೆ ಫೋನು ಬರುವುದು ಯಾರೋ ಮುನಿಸಿಕೊಂಡಾಗ, ಕಾಯಿಲೆ ಬಿದ್ದಾಗ, ಇಲ್ಲವೇ ಅಳುವಾಗ.

ನನ್ನ ಮನೆಯಲ್ಲಿ ಇರುವುದು ಒಂದೇ ಟ್ಯೂಬ್‌ಲೈಟು. ಹೆಂಡತಿ ತೀರಿಕೊಂಡ ಮೇಲೆ ಅದೂ ಮಿಣಮಿಣ ಅನ್ನುತ್ತಿದೆ. ಸರಿ ಮಾಡುವ ಮನಸ್ಸಿಲ್ಲ. ಸಂಜೆ ಅದರ ಕೆಳಗೆ ಒಬ್ಬನೇ ಕೂತಾಗ ಇವೆಲ್ಲ ನೆನಪಾಗಿ ನಗು ಬರುತ್ತದೆ. ಪಕ್ಕದ ಮನೆಯವರು ಏನಂದುಕೊಂಡಿದ್ದಾರೋ.

ಗೋಡೆಯಾಚೆಯ ತಮ್ಮ

ಕೆ.ಆರ್.ಪೇಟೆ ಹತ್ತಿರದ ಒಂದೂರಲ್ಲಿ ಅಣ್ಣ ತಮ್ಮ ಇಬ್ಬರು. ಭಾಗವಾದಾಗ ಒಂದೇ ಮನೆಯ ನಡುವೆ ಗೋಡೆ ಎಬ್ಬಿಸಿಕೊಂಡರು. ಅವತ್ತಿಂದ ಮಾತಿಲ್ಲ, ಕತೆಯಿಲ್ಲ. ಅಣ್ಣ ಬಣ್ಣದ ಲೈಟು ಹಾಕಿಸಿದ ಅಂತ ತಮ್ಮನೂ ಅದೇ ವಾರ ನನ್ನನ್ನೇ ಕರೆಸಿ ಅದೇ ಸೆಟ್ಟು ಹಾಕಿಸಿದ.

ಹದಿನೈದು ದಿನಕ್ಕೆ ಅಣ್ಣನ ಫೋನು. "ಬೇಗ ಬಾರಪ್ಪ, ಇಲ್ಲಿ ಕೊಲೆ ಆಯ್ತದೆ."

ಹೋದರೆ ಇಬ್ಬರೂ ಅವರವರ ಜಗಲಿ ಮೇಲೆ ರಿಮೋಟು ಹಿಡಿದು ನಿಂತಿದ್ದಾರೆ. ಅಣ್ಣ ನೀಲಿ ಒತ್ತಿದರೆ ತಮ್ಮನ ಮನೆಯೂ ನೀಲಿ. ತಮ್ಮ ರೇಗಿ ಹಸಿರು ಒತ್ತಿದರೆ ಅಣ್ಣನ ಮನೆಯೂ ಹಸಿರು. ಬೇಕಂತಲೇ ಕೆಣಕುತ್ತಿದ್ದಾನೆ ಅಂತ ಇಬ್ಬರಿಗೂ ಅನುಮಾನ. ತಪ್ಪು ನನ್ನದೇ. ಆ ರಿಮೋಟಿನ ಸಿಗ್ನಲ್ಲು ಗೋಡೆ ದಾಟುತ್ತದೆ. ಎರಡೂ ಸೆಟ್ಟನ್ನು ಬೇರೆ ಬೇರೆ ಮಾಡಿಕೊಡುವುದು ಮರೆತಿದ್ದೆ.

ಅಣ್ಣನನ್ನು ಒಳಗೆ ಕರೆದು ಎಲ್ಲ ಬಿಡಿಸಿ ಹೇಳಿದೆ. "ಐದು ನಿಮಿಷದ ಕೆಲಸ ಯಜಮಾನ್ರೇ, ಈಗಲೇ ಸರಿ ಮಾಡಿಬಿಡ್ತೀನಿ."

ಆತ ರಿಮೋಟನ್ನು ಎದೆಗೆ ಒತ್ತಿಕೊಂಡು ಗೋಡೆ ಕಡೆ ನೋಡಿದ. ದನಿ ಸಣ್ಣದಾಯಿತು.

"ಅಪ್ಪ ಸತ್ತಾಗ್ಲಿಂದ ನಾನು ಯೋಳಿದ್ದು ಒಂದಾದ್ರೂ ಕೇಳವ್ನಾ ಅವ್ನು? ಇವತ್ತು ನಾನು ನೀಲಿ ಅಂದ್ರೆ ನೀಲಿ, ಕೆಂಪು ಅಂದ್ರೆ ಕೆಂಪು. ಸರಿ ಮಾಡ್ಬುಡಬೇಡ ಕಣಪ್ಪ, ಅಂಗೇ ಇರ್ಲಿ ಬುಡು."

ಕಾಮಾಲೆ

ನಾಗಮಂಗಲದಲ್ಲಿ ಒಬ್ಬರು ಡಾಕ್ಟರು, ಒಳ್ಳೆಯವರು. ಕಾಯುವ ರೋಗಿಗಳ ಮನಸ್ಸು ಹಗುರವಾಗಲಿ ಅಂತ ಬೆಂಚುಗಳ ಮೇಲೆ ಮೆಲ್ಲಗೆ ಬಣ್ಣ ಬದಲಾಗುವ ಲೈಟು ಹಾಕಿಸಿದ್ದರು. ಒಂದು ದಿನ ಅದು ಹಳದಿಯಲ್ಲೇ ನಿಂತುಬಿಟ್ಟಿತು. ನಾನು ಏಣಿ ತೆಗೆದುಕೊಂಡು ಹೋಗುವಷ್ಟರಲ್ಲಿ ಆಗಬೇಕಾದ್ದು ಆಗಿತ್ತು.

ಬಿಂಡಿಗನವಿಲೆ ಕಡೆಯ ಕುರಿ ಸಾಕುವ ಮುದುಕ ಮಂಡಿನೋವು ಅಂತ ಬಂದು ಕೂತಿದ್ದನಂತೆ. ಹೆಂಡತಿ ಕಾಮಾಲೆಯಲ್ಲೇ ಹೋಗಿದ್ದಳು ಪಾಪ. ಕೂತವನು ಅಂಗೈ ನೋಡಿಕೊಂಡಿದ್ದಾನೆ. ಅರಿಶಿನ! ಪಕ್ಕದವನಿಗೆ ಕಣ್ಣು ತೋರಿಸಿ, "ಒಸಿ ನೋಡ್ಲಾ" ಅಂದಿದ್ದಾನೆ. ಅವನು ನೋಡಿ, "ಕಾಮಾಲೆ ಕಣಣ್ಣೋ" ಅಂದ. ಮುದುಕ ಅವನ ಮುಖ ನೋಡಿ, "ನಿಂಗೂ ಅದೆ ಕಣ್ಲಾ" ಅಂದ. ಆಮೇಲೆ ಬೆಂಚಿಗೆ ಬೆಂಚೇ ಒಬ್ಬರ ಕಣ್ಣು ಒಬ್ಬರು ಎಳೆದು ನೋಡಿ, ನಾಟಿ ಔಷಧಿ ಕೊಡುವವರ ಮನೆಗೆ ಆಟೋ ಮಾಡಿಕೊಂಡು ಹೊರಟುಹೋಯಿತು. ಡಾಕ್ಟರು ಬಾಗಿಲು ತೆಗೆದು ನೋಡಿದರೆ ಖಾಲಿ ಬೆಂಚು, ಏಣಿ ಹೊತ್ತ ನಾನು.

ವಾರ ಬಿಟ್ಟು ನಾನು ಅಲ್ಲಿದ್ದಾಗಲೇ ಮುದುಕ ಮತ್ತೆ ಬಂದ. ಉಪ್ಪು ಖಾರ ಬಿಟ್ಟು ಸೊರಗಿದ್ದ. ಡಾಕ್ಟರು ಲೈಟಿನ ವಿಷಯ ಹೇಳಿ ಕೈ ಮುಗಿದರು. ಮುದುಕ ನಂಬಲಿಲ್ಲ.

"ಸುಮ್ನಿರಿ ಸ್ವಾಮಿ. ನಿಮ್ಮ ಆಸ್ಪತ್ರೆ ಒಳಗೆ ಇದ್ದಾಗ ಕಾಯಿಲೆ ಇತ್ತು, ಆಚ್ಗೆ ಓದೆ, ವಾಸಿ ಆಯ್ತು. ಊರೋರ್ಗೆಲ್ಲ ಅದನ್ನೇ ಯೋಳಿವ್ನಿ."

ಲಾರಿ ಡ್ರೈವರನ ಕೆಂಪು

ಶ್ರೀರಂಗಪಟ್ಟಣದ ಒಬ್ಬ ಸಾಬರು ಲಾರಿ ಓಡಿಸುತ್ತಾರೆ. ಗುಜರಾತಿಗೆ ಹೋದರೆ ಬರುವುದು ಇಪ್ಪತ್ತು ದಿನಕ್ಕೆ. ಮಾತು ಕಮ್ಮಿಯ ಮನುಷ್ಯ. ಮನೆಗೆ ನಾನು ಹಾಕಿದ ಲೈಟನ್ನು ಎಲ್ಲಿಂದಲಾದರೂ ಫೋನಿನಲ್ಲೇ ಬದಲಾಯಿಸಬಹುದು ಅಂತ ಗೊತ್ತಾದ ಮೇಲೆ ಇರುವ ಮಾತನ್ನೂ ನಿಲ್ಲಿಸಿಬಿಟ್ಟರು. ಹಸಿರು ಅಂದರೆ ಕ್ಷೇಮ. ನೀಲಿ ಅಂದರೆ ಲೋಡು ಆಗುತ್ತಿದೆ. ಹಳದಿ ಅಂದರೆ ಊಟ ಆಯಿತು. ಕೆಂಪು ಅಂದರೆ ಗಾಡಿ ಕೆಟ್ಟಿದೆ, ತೊಂದರೆ.

ಒಂದು ದಿನ ಬೆಳಗಿನಿಂದ ಮನೆಯೆಲ್ಲ ಕೆಂಪು. ಫೋನು ಮಾಡಿದರೆ ಎತ್ತುತ್ತಿಲ್ಲ. ಅವರ ಹೆಂಡತಿ ನನಗೆ ಫೋನು ಮಾಡಿ ಅತ್ತರು. ಲೈಟೇ ಕೆಟ್ಟಿರಲಿ ದೇವರೇ ಅಂದುಕೊಂಡು ಓಡಿದೆ. ಲೈಟು ಸರಿಯಾಗಿಯೇ ಇತ್ತು. ಮಧ್ಯಾಹ್ನದವರೆಗೆ ಆಯಮ್ಮ ಬಾಗಿಲಲ್ಲಿ, ನಾನು ಮೆಟ್ಟಿಲ ಮೇಲೆ, ಫೋನು ನೋಡುತ್ತ ಕೂತಿದ್ದೆವು.

ಕೊನೆಗೆ ಸಾಬರದೇ ಫೋನು ಬಂತು. ಲಾರಿ ನಿಲ್ಲಿಸಿ ಮಲಗಿದ್ದರಂತೆ, ಫೋನಿನ ಮೇಲೇ. ಮೈ ತಗುಲಿ ಇಲ್ಲಿ ಮನೆಯ ಲೈಟು ಕೆಂಪಾಗಿದೆ.

ಆಯಮ್ಮ ಕಣ್ಣೊರೆಸಿಕೊಂಡು, "ಭಾಯ್, ಈಗಲೇ ಇದರಿಂದ ಕೆಂಪು ಬಣ್ಣ ಕಿತ್ತಾಕ್ಬಿಡಿ" ಅಂದರು.

"ಕೆಂಪು ತೆಗೆದ್ರೆ ಹಳದಿನೂ ಬರಲ್ಲಮ್ಮ. ಕೆಂಪು, ಹಸಿರು ಸೇರಿದ್ರೇ ಹಳದಿ ಆಗೋದು."

"ಹಳದಿ ಅಂದ್ರೆ ಊಟ ಅಲ್ವಾ?" ಒಂದು ಗಳಿಗೆ ಯೋಚಿಸಿದರು. "ಪರವಾಗಿಲ್ಲ ಭಾಯ್, ಕಿತ್ತಾಕಿ. ಉಪವಾಸ ಇರ್ಲಿ."

ಅತ್ತರೆ ಕುಣಿಯುವ ಲೈಟು

ಪಾಂಡವಪುರದ ಪಕ್ಕದ ಹಳ್ಳಿಯಲ್ಲಿ ಒಬ್ಬರು ಹಿರಿಯರು, ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಹಾಸಿಗೆ ಹಿಡಿದ ಮೇಲೆ ಬೇಜಾರು ಕಳೆಯಲು ನಡುಮನೆಗೆ ಲೈಟು ಹಾಕಿಸಿಕೊಂಡರು. ಅದರಲ್ಲಿ ಸದ್ದಿಗೆ ತಕ್ಕಂತೆ ಬಣ್ಣ ಕುಣಿಯುವ ಒಂದು ಬಗೆಯುಂಟು. ಅವರಿಗೆ ಅದೇ ಇಷ್ಟ. ಮಂಚದಲ್ಲೇ ಚಪ್ಪಾಳೆ ತಟ್ಟಿ ನೋಡುತ್ತಿದ್ದರು.

ಒಂದು ಬೆಳಿಗ್ಗೆ ಮಗನ ಫೋನು. "ಅಣ್ಣಾ, ಅಪ್ಪ ತೀರ್ಕಂಡ್ರು. ಲೈಟು ಆಫ್ ಆಯ್ತಾ ಇಲ್ಲ, ಮರ್ಯಾದೆ ಓಯ್ತಾ ಅದೆ, ಬೇಗ ಬನ್ನಿ."

ರಿಮೋಟು ದಿಂಬಿನ ಕೆಳಗಿತ್ತಂತೆ. ಹಾಸಿಗೆ ದಿಂಬಿನ ಜೊತೆ ಅದನ್ನೂ ಊರಾಚೆ ಎಸೆದು ಬಂದಿದ್ದರು. ಜಾಗ ಮಾಡಲು ಸರಿಸಿದ ಬೀರು ಸ್ವಿಚ್ ಬೋರ್ಡಿಗೆ ಅಡ್ಡ ಬಂದಿತ್ತು. ಮೇನ್ ಸ್ವಿಚ್ ತೆಗೆದರೆ ಹೆಣ ಇಟ್ಟ ಫ್ರೀಜರ್ ಪೆಟ್ಟಿಗೆ ನಿಲ್ಲುತ್ತದೆ. ಕಿಟಕಿ ಮುಚ್ಚಿದ ನಡುಮನೆ, ತುಂಬ ಹೆಂಗಸರು. ಯಾರು ಅತ್ತರೂ ಸೀಲಿಂಗಿನಲ್ಲಿ ಕೆಂಪು, ಹಸಿರು, ನೀಲಿ ಥಕಥಕ ಕುಣಿಯುತ್ತಿತ್ತು.

ನಾನು ಸ್ಟೂಲು ಹಾಕಿ ಹತ್ತಿದೆ. ಅಷ್ಟರಲ್ಲಿ ತೀರಿಕೊಂಡವರ ತಂಗಿ ಬಾಗಿಲಲ್ಲೇ "ಅಣ್ಣಯ್ಯೋ!" ಅಂತ ಕೂಗಿಕೊಂಡು ಬಂದರು. ಲೈಟು ಒಮ್ಮೆಗೇ ಹುಚ್ಚೆದ್ದಿತು. ಆಕೆ ಗಕ್ಕನೆ ನಿಂತು ಮೇಲೆ ನೋಡಿದರು. ಲೈಟೂ ನಿಂತಿತು. ಮೆಲ್ಲಗೆ "ಅಣ್ಣಯ್ಯಾ" ಅಂದರು. ಒಂದು ಮಿಣುಕು. ಮತ್ತೆ ಜೋರಾಗಿ ಅಂದರು. ಮತ್ತೆ ಕುಣಿತ. ಇದನ್ನು ನೋಡಿ ಸೊಸೆಯೂ ಮುಖಕ್ಕೆ ಸೆರಗು ಮುಚ್ಚಿಕೊಂಡು ಬಿಕ್ಕಳಿಸತೊಡಗಿದಳು. ಲೈಟು ಅಲ್ಲಾಡಲಿಲ್ಲ. ಮೂಲೆಯಲ್ಲಿದ್ದ ಮುದುಕಿಯೊಬ್ಬಳು, "ನಿಂದು ಲೈಟಿಗೇ ಕೇಳ್ತಾ ಇಲ್ಲ ಕಣವ್ವ, ಇನ್ನು ನಿಮ್ಮ ಮಾವಂಗೆ ಎಲ್ಲಿ ಕೇಳ್ಬೇಕು? ಒಸಿ ಜೋರಾಗಿ ಅಳು" ಅಂದಳು.

ಯಾರಿಗೂ ನಗುವ ಧೈರ್ಯವಿಲ್ಲ. ನಕ್ಕವರು ಒಬ್ಬರೇ, ತೀರಿಕೊಂಡವರ ಹೆಂಡತಿ. ಬೆಳಗಿನಿಂದ ಹನಿ ಕಣ್ಣೀರು ಹಾಕದೆ ಗೋಡೆಗೊರಗಿ ಕಲ್ಲಿನಂತೆ ಕೂತಿದ್ದರಂತೆ. ಅಳದಿದ್ದರೆ ಎದೆ ಒಡೆದೀತು ಅಂತ ಎಲ್ಲರಿಗೂ ದಿಗಿಲಾಗಿತ್ತು. ಸಣ್ಣಗೆ ಶುರುವಾದ ನಗು ದೊಡ್ಡದಾಯಿತು, ಹಾಗೇ ತಿರುಗಿ ಅಳುವಾಯಿತು. ಅಂಥ ಅಳು ನಾನು ಕೇಳಿಲ್ಲ. ಇಡೀ ಸೀಲಿಂಗು ಬಣ್ಣಬಣ್ಣವಾಗಿ ಉರಿಯಿತು. ವೈರು ಕೈಯಲ್ಲಿದ್ದರೂ ಕೀಳಲಾಗದೆ ಸ್ಟೂಲಿನ ಮೇಲೆ ನಾನೂ ಕಣ್ಣೊರೆಸಿಕೊಂಡೆ.

ಅತ್ತು ಸಾಕಾದ ಮೇಲೆ ಆಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಒಂದು ಸಲ ಪೆಟ್ಟಿಗೆಯನ್ನೂ ಒಂದು ಸಲ ಸೀಲಿಂಗನ್ನೂ ನೋಡಿದರು.

"ನಲವತ್ತು ವರ್ಷ ಪಕ್ಕದಲ್ಲೇ ಮಲಗಿ ಅತ್ತಿವ್ನಿ ಕಣಪ್ಪ, ಈ ಮನುಷ್ಯಂಗೆ ಒಂದಿನ ಗೊತ್ತಾಗ್ಲಿಲ್ಲ. ನಿನ್ನ ಲೈಟಿಗೆ ಒಂದೇ ದಪಕ್ಕೆ ಗೊತ್ತಾಗೋಯ್ತಲ್ಲ!"