ಗರಗಸದ ಆಚೆ ಹಿಡಿಕೆ

ನಮ್ಮ ಸೋದರಮಾವ ಹಿತ್ತಲಲ್ಲಿ ಬಿದ್ದ ಒಂದು ಬೇವಿನ ಮರ ಕೊಯ್ದು ಮುಗಿಸುವಷ್ಟರಲ್ಲಿ ಲಕ್ಷ್ಮೇಶ್ವರ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ನಂಬದಿದ್ದರೆ ಬಿಡಿ, ನಾನೇ ಆ ಗರಗಸ ಎಳೆದವನು!

ಅದು ಎರಡು ಹಿಡಿಕೆಯ ಗರಗಸ. ಈಚೆ ಒಬ್ಬ, ಆಚೆ ಒಬ್ಬ ಕೂತು ಎಳೆಯಬೇಕು. ಮಾಮಿ ಇದ್ದಾಗ ಆಚೆ ಹಿಡಿಕೆ ಅವಳದು. ಅವಳು ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಆ ಮನೆಯಲ್ಲಿ ಮಾಮಾನ ಜೊತೆ ಮಾತಾಡಲಿಕ್ಕೂ ಯಾರೂ ಇರಲಿಲ್ಲ, ಮರ ಕೊಯ್ಯಲಿಕ್ಕೆ ಯಾರು ಬರಬೇಕು? ಬಂದವರಾದರೂ ಇವರ ಕಾಯಿದೆಗೆ ಹೆದರಿ ಓಡುತ್ತಿದ್ದರು. ಕಚೇರಿಯಲ್ಲಿ ಗುಮಾಸ್ತರಾಗಿದ್ದರಲ್ಲ, ನಿವೃತ್ತರಾದ ಮೇಲೆ ಕಾಯಿದೆಯೆಲ್ಲ ಹಿತ್ತಲಿಗೆ ಬಂದಿತ್ತು.

ಪಕ್ಕದ ಮನೆಯ ಹತ್ತಿ ವ್ಯಾಪಾರಿ ಸಾಹುಕಾರರು ಒಮ್ಮೆ ಪಾಪ, ಮಾಮಾ ಕರೆದರೆಂದು ಬಂದರು. ಮಾಮಾ ಶುರು ಮಾಡಿದರು:

"ಸಾವಕಾರ್ರ, ಮೊದಲ ಶಲ್ಯ ತಗೀರಿ. ಗರಗಸಕ್ಕ ಸಿಕ್ಕೊಂತೈತಿ. ಉಂಗುರಾನೂ ತಗೀರಿ. ಧೋತ್ರ ಮ್ಯಾಲ ಕಟ್ಟರಿ. ಕಾಲ್ಬುಡದಾಗಿನ ಚೆಕ್ಕಿ ಸರಿಸ್ರಿ, ಎಡವ್ತೀರಿ."

ಆಮೇಲೆ ಮಾಮಾ ದಿಮ್ಮಿ ಉರುಳದಂತೆ ಎರಡೂ ಕಡೆ ಕಲ್ಲು ಕೊಟ್ಟರು. ಆಕಳ ಕರು ಅಡ್ಡ ಬಂದೀತೆಂದು ಅದನ್ನು ದೂರ ಕಟ್ಟಿದರು. ಇಷ್ಟಾಗುವಷ್ಟರಲ್ಲಿ ಊಟದ ಹೊತ್ತಾಯಿತು. ಸಾಹುಕಾರರು ಬರಿಮೈಯಲ್ಲೇ ಹೊರಗೆ ಬಂದು ನನ್ನನ್ನು ಕೇಳಿದರು: "ಅಲ್ಲೋ, ನಿಮ್ಮ ಮಾಮಾ ನನ್ನನ್ನ ಮರ ಕೊಯ್ಯಾಕ ಕರದ್ರೋ, ಮುಂಜಿವಿ ಮಾಡಾಕ ಕರದ್ರೋ?"

ಅಡರಕಟ್ಟಿಯಿಂದ ಮರ ಕೊಯ್ಯುವ ಇಬ್ಬರು ಕಸುಬಿನವರನ್ನು ನಾನೇ ಕರೆಸಿದೆ. ಅವರಲ್ಲೊಬ್ಬ ಗರಗಸದ ಪಕ್ಕದಲ್ಲೇ ದಿಮ್ಮಿಯ ಮೇಲೆ ಕಾಲಿಟ್ಟ. ಮುಗಿಯಿತು! "ತಗಿಯಲೇ! ಕಾಲ ಹೋದ್ರ ನಿನ್ನ ಹೇಣ್ತಿಗೆ ನಾ ಏನ ಹೇಳ್ಲಿ?" ಎಂದು ಮಾಮಾ ಗರಗಸ ಕಿತ್ತುಕೊಂಡು, ಇಬ್ಬರಿಗೂ ಉಪ್ಪಿಟ್ಟು ತಿನ್ನಿಸಿ ಕಳಿಸಿಬಿಟ್ಟರು.

ಕೊನೆಗೆ ಉಳಿದವನು ನಾನು. ಗದಗಿನ ಶಾಲೆಯಲ್ಲಿ ಮಾಸ್ತರನಾಗಿದ್ದೆ, ರಜೆಯ ಐತವಾರ ಬಸ್ಸು ಹತ್ತಿ ಬರುತ್ತಿದ್ದೆ. "ಎಳಿ, ದೂಡಬ್ಯಾಡ. ನನ್ನ ಪಾಳಿ ಬಂದಾಗ ಕೈ ಸಡ್ಲ ಬಿಡು" ಎನ್ನುವರು ಮಾಮಾ. ಗರಗಸ ನಾಲ್ಕು ಬೆರಳು ಇಳಿಯುವುದರೊಳಗೆ, "ಆತು, ದಣದ ಕೈಯಾಗ ಗರಗಸ ಇರಬಾರ್ದು" ಎಂದು ನಿಲ್ಲಿಸುವರು. ಯಾರು ದಣಿದಿದ್ದರು? ನನಗಿನ್ನೂ ಬೆವರೇ ಬಂದಿರಲಿಲ್ಲ! ಆಮೇಲೆ ಚಹಾ, ಅವಲಕ್ಕಿ, ಸಂಜೆಯ ಬಸ್ಸಿನವರೆಗೆ ಬಿಡುವಿಲ್ಲದ ಮಾತು. ವಾರದ ಮಾತೆಲ್ಲ ಅವತ್ತೇ ಆಡುತ್ತಿದ್ದರು.

ರಾಜ್ಯ ಒಂದಾಯಿತು. ಶಾಲೆಗೆ ರಜೆ, ಊರೆಲ್ಲ ಪೇಢೆ ಹಂಚುತ್ತಿತ್ತು. ಉಳಿದದ್ದು ಒಂದೇ ತುಂಡು, ಇವತ್ತು ಮುಗಿಸಿಯೇ ಸೈ ಎಂದು ನಾನು ಹಟ ಹಿಡಿದು ಎಳೆದೆ. "ಸಾಕು" ಎಂದರು, ಕೇಳಲಿಲ್ಲ. ಇನ್ನೆರಡು ಬೆರಳು ಇದ್ದಾಗ ಗರಗಸ ಜಪ್ಪಯ್ಯ ಅಂದರೂ ಅಲುಗಲಿಲ್ಲ. ತಲೆ ಎತ್ತಿ ನೋಡಿದರೆ ಮಾಮಾ ಆಚೆ ಹಿಡಿಕೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಿದ್ದರು.

"ಯಾಕ ಮಾಮಾ?"

"ಇದು ಮುಗದ್ರ ನೀ ಯಾಕ ಬರ್ತೀಯೋ?"

ಇಷ್ಟು ದಿನ ನಾನು ಮರ ಕೊಯ್ಯಲು ಬರುತ್ತಿದ್ದೇನೆಂದು ನಾನೇ ತಿಳಿದಿದ್ದೆ.

"ನಿಮ್ಮನ್ನ ನೋಡಾಕ ಬರ್ತೀನಿ ಮಾಮಾ. ಐತವಾರ ನಿಮ್ಮನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?"

ಅವರು ನನ್ನ ಮುಖವನ್ನೇ ನೋಡಿದರು. ಖರೆ ಹೇಳುತ್ತಿದ್ದಾನೋ ಇಲ್ಲವೋ ಎಂದು ನೋಡಿದರೇನೋ. ಆಮೇಲೆ ತೋಳಿನಿಂದ ಕಣ್ಣೊರೆಸಿಕೊಂಡರು.

"ಹಂಗಾದ್ರ ಎಳಿ" ಎಂದರು.