ಲುಕ್ಯಾನನ ಕೈಯಲ್ಲಿ ಕುಂಬಳಕಾಯಿ

ಆವತ್ತು ಬೆಳಿಗ್ಗೆ ಲಿಫ್ಟ್ ಕೆಟ್ಟಿರದಿದ್ದರೆ ಲುಕ್ಯಾನ್ ಹ್ನಾತೊವಿಚ್‌ನ ಬದುಕು ಬೇರೆ ದಾರಿ ಹಿಡಿಯುತ್ತಿತ್ತೋ ಏನೋ. ಲಿಫ್ಟ್ ಕೆಟ್ಟಿತ್ತು. ಅವನು ಮೆಟ್ಟಿಲಿಳಿದು ಬಂದ. ಮೂರನೇ ಮಹಡಿಯಲ್ಲಿ ನೆರೆಯ ಯಾವ್ದೋಖಾ ಅಜ್ಜಿ ಬಾಗಿಲು ತೆರೆದುಕೊಂಡು ನಿಂತಿದ್ದಳು. ಅವಳ ಕಾಲ ಬಳಿ, ಅವಳ ತೋಟದಲ್ಲೇ ಬೆಳೆದ ಒಂದು ಸಿಹಿಗುಂಬಳ, ಎಣ್ಣೆ ನೀರು ಹಾಕಿ ಕೂರಿಸಿದ ಮಗುವಿನ ಹಾಗೆ ಹೊಳೆಯುತ್ತಿತ್ತು.

"ಲುಕ್ಯಾನಾ, ನಿನ್ನ ಆಫೀಸಿನ ಹಿಂದಿನ ಬೀದೀಲೇ ಅಲ್ವೇನೋ ನನ್ನ ತಂಗಿ ಮನೆ? ಇದನ್ನ ತಗೊಂಡು ಹೋಗು. ಮಧ್ಯಾಹ್ನ ಅವಳೇ ಬಂದು ಇಸ್ಕೋತಾಳೆ."

"ಅಜ್ಜೀ, ಇವತ್ತೊಂದಿನ ಬಿಟ್ಬಿಡಮ್ಮ. ದೊಡ್ಡ ಒಪ್ಪಂದಕ್ಕೆ ಸಹಿ ಇದೆ. ಸೂಟು ಹಾಕ್ಕೊಂಡು ಕುಂಬಳಕಾಯಿ ಹಿಡ್ಕೊಂಡು ಹೋದ್ರೆ ಜನ ಏನಂದ್ಕೋತಾರೆ?"

"ಏನಂದ್ಕೋತಾರೆ? ಹೆಣ್ಣು ಕೇಳೋಕೆ ಹೋಗಿದ್ದ, ಒಲ್ಲೆ ಅಂತ ಕುಂಬಳಕಾಯಿ ಕೊಟ್ಟು ಕಳಿಸಿದ್ರು ಅಂದ್ಕೋತಾರೆ. ಬೆರಳಲ್ಲಿ ಮದುವೆ ಉಂಗುರ ಇದ್ಯಲ್ಲ, ತೋರ್ಸು. ನಿಂಗೆ ದಡಾರ ಬಂದಾಗ ಪಕ್ಕದಲ್ಲಿ ಕೂತಿದ್ದೋರು ಯಾರು, ಮರ್ತ್ಯಾ?"

ದಡಾರದ ಮಾತು ಬಂದ ಮೇಲೆ ಲುಕ್ಯಾನ್ ಬಗ್ಗಿ ಕುಂಬಳಕಾಯಿ ಎತ್ತಿಕೊಂಡ.

ಲುಕ್ಯಾನ್ ಅರ್ಥಶಾಸ್ತ್ರ ಓದಿದವನು. ಮೊದಲು ಉಳಿತಾಯ ಬ್ಯಾಂಕಿನ ಗಾಜಿನ ಹಿಂದೆ ಕೂತ. ಆಮೇಲೆ ಸರ್ಕಾರಿ ಕಚೇರಿಯಲ್ಲಿ ಮುಂದಿನ ವರ್ಷ ದೇಶ ಹೇಗಿರುತ್ತದೆ ಎಂದು ಬರೆದ. ದೇಶ ಒಂದು ವರ್ಷವೂ ಅವನು ಬರೆದ ಹಾಗೆ ಇರಲಿಲ್ಲ. ಕೊನೆಗೆ ಹೂಡಿಕೆ ಬ್ಯಾಂಕಿಗೆ ಸೇರಿದ. ಅದು ಎಂಥ ಬ್ಯಾಂಕೆಂದು ನಮ್ಮ ಕಟ್ಟಡದವರಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಅಲ್ಲಿ ಯಾರೂ ದುಡ್ಡು ಕಟ್ಟುವುದಿಲ್ಲ, ಯಾರೂ ತೆಗೆಯುವುದೂ ಇಲ್ಲ. ಕಂಪನಿ ಮಾರುವವರನ್ನೂ ಕೊಳ್ಳುವವರನ್ನೂ ಹುಡುಕಿ ಗಂಟು ಹಾಕುವುದು, ಗಂಟು ಬಿದ್ದರೆ ದಲ್ಲಾಳಿ ಪಾಲು ತೆಗೆದುಕೊಳ್ಳುವುದು, ಇಷ್ಟೇ ಕೆಲಸ.

ಈಗ ಗಂಟು ಹಾಕಬೇಕಾಗಿದ್ದದ್ದು ಪೊಲ್ಟಾವಾದ ಮೆಲಾನಿಯಾ ಸವೀವ್ನಾಳ ಸೂರ್ಯಕಾಂತಿ ಎಣ್ಣೆ ಗಿರಣಿಯನ್ನು, ಚೆರ್ಕಾಸಿಯ ಪ್ರೊಕೀಪ್ ಡೆಮಿಡೊವಿಚ್‌ಗೆ. ಆಕೆ ವಿಧವೆ, ಈತ ವಿಧುರ, ಹಟದಲ್ಲಿ ಒಬ್ಬರಿಗಿಂತ ಒಬ್ಬರು ಮೇಲು. ವಸಂತದಿಂದಲೂ ಲುಕ್ಯಾನನೇ ಇಬ್ಬರ ನಡುವೆ ಓಡಾಡಿದ್ದ. ಅವಳ ಹತ್ತಿರ ಇವನನ್ನು ಹೊಗಳಿ, ಇವನ ಹತ್ತಿರ ಅವಳನ್ನು ಹೊಗಳಿ ನಾಲಿಗೆ ಸವೆದಿತ್ತು. ಅವರು ಮುಖಾಮುಖಿಯಾಗುವುದು ಇವತ್ತೇ ಮೊದಲು. ಯಜಮಾನ ವಿಟೋಲ್ಡ್ ಆಡಮೊವಿಚ್ ಸ್ಪಷ್ಟವಾಗಿ ಹೇಳಿದ್ದ: ಸಹಿ ಬಿದ್ದರೆ ಲುಕ್ಯಾನ್ ವಿಭಾಗದ ಮುಖ್ಯಸ್ಥ, ಬೀಳದಿದ್ದರೆ ಚಳಿಗಾಲಕ್ಕೆ ಆಳು ಕಡಿಮೆ ಮಾಡುವಾಗ ಮೊದಲ ಹೆಸರು ಅವನದೇ.

ಮೆಟ್ರೋದಲ್ಲಿ ಒಬ್ಬ ಮುದುಕ ಎದ್ದು ಸೀಟು ಬಿಟ್ಟುಕೊಟ್ಟ. "ಕೂತ್ಕೋ ಮಗಾ. ನಂಗೂ ಎರಡು ಸಲ ಕೊಟ್ಟಿದ್ರು. ಮೂರನೇ ಮನೇಲಿ ಒಪ್ಪಿದ್ರು. ಈಗ ಅನ್ನಿಸುತ್ತೆ, ಆ ಎರಡು ಕಾಯೇ ವಾಸಿಯಾಗಿತ್ತು ಅಂತ."

ಬೋಗಿಯೆಲ್ಲ ನಕ್ಕಿತು. ಲುಕ್ಯಾನ್ ಉಂಗುರದ ಬೆರಳು ಎತ್ತಿ ತೋರಿಸಿದ. "ಅಯ್ಯೋ, ಹೆಂಡ್ತಿ ಬೇರೆ ಇದ್ದಾಳೆ ಪಾಪಿಗೆ!" ಎಂದಳು ಒಬ್ಬ ಹೆಂಗಸು.

ಆಫೀಸಿನ ಬಾಗಿಲಲ್ಲೇ ಸೊಲೋಮಿಯಾ ಕೂರುತ್ತಾಳೆ, ಬಂದವರನ್ನು ವಿಚಾರಿಸಿಕೊಳ್ಳುವವಳು. ಕುಂಬಳಕಾಯಿ ಕಂಡದ್ದೇ ಎದೆ ಮುಟ್ಟಿಕೊಂಡಳು. "ದೇವರೇ! ಮೆಲಾನಿಯಾ ಸವೀವ್ನಾ ಒಲ್ಲೆ ಅಂದುಬಿಟ್ರಾ?"

"ಇಲ್ಲಮ್ಮ, ಇದು ನಮ್ಮ ಅಜ್ಜಿದು..."

ಅವಳಿಗೆ ಉತ್ತರ ಬೇಕಾಗಿರಲಿಲ್ಲ, ಫೋನು ಬೇಕಾಗಿತ್ತು. ಲುಕ್ಯಾನ್ ಕೋಟು ಬಿಚ್ಚುವಷ್ಟರಲ್ಲಿ ಸುದ್ದಿ ಒಳಗೆಲ್ಲ ಹರಡಿ, ಯಜಮಾನ ಕೆಂಪು ಮುಖ ಹೊತ್ತು ಓಡಿಬಂದ.

"ಏನಯ್ಯಾ ಇದು! ಮದುವೆ ಮನೆಗೆ ಹೆಣ ಹೊತ್ಕೊಂಡು ಬಂದಂಗಾಯ್ತಲ್ಲ! ಅವರು ಬಂದೇಬಿಟ್ರು, ಬಚ್ಚಿಡು ಅದನ್ನ!"

ಒಂದು ಕಡೆ ಮೆಟ್ಟಿಲ ಮೇಲೆ ಹೆಂಗಸಿನ ಹೆಜ್ಜೆ ಕೇಳಿಸಿತು. ಇನ್ನೊಂದು ಕಡೆ ಲಿಫ್ಟಿನ ಗಂಟೆ. ಲುಕ್ಯಾನ್ ನಾಯಿ ಅಟ್ಟಿದ ಕೋಳಿಯ ಹಾಗೆ ಆ ಕಡೆ ಈ ಕಡೆ ನೋಡಿ, ಸಭೆಯ ಕೋಣೆಗೆ ನುಗ್ಗಿ, ಕುಂಬಳಕಾಯಿಯನ್ನು ಒಂದು ಕುರ್ಚಿಯ ಮೇಲಿಟ್ಟು ತನ್ನ ಕೋಟು ಹೊದಿಸಿದ.

ಲಿಫ್ಟಿನಿಂದ ಬಂದ ಪ್ರೊಕೀಪ್ ಡೆಮಿಡೊವಿಚ್ ಆನೆಯಂಥ ಆಳು. ಕೋಣೆಯಲ್ಲಿ ಹನ್ನೆರಡು ಕುರ್ಚಿಯಿದ್ದರೂ ನೇರವಾಗಿ ಅದೇ ಕುರ್ಚಿಗೆ ಹೋದ. ಕೋಟು ಎತ್ತಿದ. ಕುಂಬಳಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.

"ಇದೇನಾ ಉತ್ತರ? ಆಯಮ್ಮ ಬಾಯಿಬಿಟ್ಟು ಹೇಳೋಕೂ ಆಗದೆ ಇದನ್ನ ಕಳಿಸಿದ್ದಾಳಾ?"

ಅಷ್ಟರಲ್ಲಿ ಮೆಲಾನಿಯಾ ಸವೀವ್ನಾ ಬಾಗಿಲಲ್ಲಿ. ಅವಳಿಗೆ ಕಂಡದ್ದು, ತನ್ನ ಎದುರಿಗೆ ಕುಂಬಳಕಾಯಿ ಚಾಚಿ ನಿಂತ ಗಂಡಸು.

"ಓಹೋ! ಹೆಣ್ಣಿನ ಕಡೆಯೋರು ಗಂಡಿಗೆ ಕೊಡೋದು ನೋಡಿದ್ದೆ. ಗಂಡಸೇ ಹೆಂಗಸಿಗೆ ಕುಂಬಳಕಾಯಿ ಹೊತ್ಕೊಂಡು ಬರೋದು ಇದೇ ಮೊದಲು! ಚೆರ್ಕಾಸಿ ಕಡೆ ಹಿಂಗೇನು?"

"ನಾನ್ಯಾಕೆ ತರ್ಲಿ? ನೀವು ಕಳಿಸಿದ್ದು!"

"ನನ್ನ ತೋಟದ ಕಾಯಿ ಇಷ್ಟು ಸಣ್ಣದಿರಲ್ಲ!"

ಲುಕ್ಯಾನ್ ನಡುವೆ ನುಗ್ಗಿದ. ಲಿಫ್ಟು, ಅಜ್ಜಿ, ಅಜ್ಜಿಯ ತಂಗಿ, ದಡಾರ, ಎಲ್ಲವನ್ನೂ ಉಸಿರು ಬಿಡದೆ ಹೇಳಿದ. ಇಬ್ಬರೂ ಅವನನ್ನು ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು.

"ನೀನು ಸ್ವಲ್ಪ ಹೊರಗಿರಪ್ಪ," ಎಂದಳು ಮೆಲಾನಿಯಾ ಸವೀವ್ನಾ.

ಬಾಗಿಲು ಮುಚ್ಚಿತು. ಹೊರಗೆ ಯಜಮಾನ ಉಗುರು ಕಚ್ಚಿದ. ಸೊಲೋಮಿಯಾ ನಾಚಿಕೆಯಿಲ್ಲದೆ ಬಾಗಿಲಿಗೆ ಕಿವಿ ಹಚ್ಚಿದಳು.

"ಕೂಗಾಡ್ತಿದ್ದಾರೆ," ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಈಗ ಸದ್ದೇ ಇಲ್ಲ." ಇನ್ನೂ ಸ್ವಲ್ಪ ಹೊತ್ತಿಗೆ, "ನಗ್ತಿದ್ದಾರೆ ರೀ!"

ಯಜಮಾನನ ಮುಖ ಅರಳಿತು. ಲುಕ್ಯಾನನ ಹೆಗಲ ಮೇಲೆ ಕೈ ಹಾಕಿ, "ನಕ್ಕೋರು ಸಹಿ ಹಾಕದೆ ಹೋಗಲ್ಲ. ನಾಳೆಯಿಂದ ವಿಭಾಗ ನಿಂದು, ಲುಕ್ಯಾನ್ ಹ್ನಾತೊವಿಚ್," ಎಂದ. ಅಪ್ಪನ ಹೆಸರೂ ಸೇರಿಸಿ ಗೌರವದಿಂದ ಅವನು ಕರೆದದ್ದು ಅದೇ ಮೊದಲು.

ಬಾಗಿಲು ತೆರೆಯಿತು. ಪ್ರೊಕೀಪ್ ಮೀಸೆ ತೀಡುತ್ತ ಬಂದ. "ಒಪ್ಪಂದ ಆಯ್ತು! ಗಿರಣಿ, ಗೋದಾಮು ಎಲ್ಲಾ ಒಂದೇ ಮನೆ."

"ಶಾಂಪೇನ್ ತಾಮ್ಮ ಸೊಲೋಮಿಯಾ!" ಎಂದು ಯಜಮಾನ ಕೂಗಿದ. "ಎಲ್ಲಿ, ಸಹಿ ಮಾಡಿದ ಕಾಗದ ಕೊಡಿ."

"ಕಾಗದ ಯಾಕೆ?" ಎಂದಳು ಮೆಲಾನಿಯಾ ಸವೀವ್ನಾ, ಕೆನ್ನೆ ಕೆಂಪಗೆ ಮಾಡಿಕೊಂಡು. "ಕಟ್ಕೊಳ್ಳೋ ಗಂಡನಿಗೆ ಯಾರಾದ್ರೂ ಗಿರಣಿ ಮಾರ್ತಾರಾ? ವಸಂತದಿಂದ ಈ ಮನುಷ್ಯ ಇವರ ಗುಣಗಾನ ಮಾಡಿ ಮಾಡಿ ನನ್ನ ತಲೆ ಕೆಡಿಸಿದ್ದ. ಇವರಿಗೂ ಹಂಗೇ ಆಗಿತ್ತಂತೆ."

ಮಾರಾಟವಿಲ್ಲದ ಮೇಲೆ ದಲ್ಲಾಳಿ ಪಾಲೂ ಇಲ್ಲ. ಲುಕ್ಯಾನನ ಹೆಗಲ ಮೇಲಿದ್ದ ಯಜಮಾನನ ಕೈ ನಿಧಾನವಾಗಿ ಜಾರಿ ತನ್ನ ಜೇಬಿಗೆ ಹೋಯಿತು.

ಆದರೆ ಮೆಲಾನಿಯಾ ಸವೀವ್ನಾ ಸಂಪ್ರದಾಯ ಬಿಡುವ ಹೆಂಗಸಲ್ಲ. ಊರಿಂದ ತಂದ ರೊಟ್ಟಿಯ ಬುಟ್ಟಿ ತೆರೆದು, ಕೆಂಪು ಕಸೂತಿಯ ವಸ್ತ್ರವೊಂದನ್ನು ಹೊರತೆಗೆದು, ಸಂಬಂಧ ಕೂಡಿಸಿದವರಿಗೆ ಕಟ್ಟುವ ಹಾಗೆ ಲುಕ್ಯಾನನ ಹೆಗಲಿಂದ ಸೊಂಟಕ್ಕೆ ಅಡ್ಡಲಾಗಿ ಬಿಗಿದಳು. ಎರಡೂ ಕೆನ್ನೆಗೆ ಮುತ್ತಿಟ್ಟು, "ನಿನ್ನ ಉಪಕಾರ ಮರೆಯೋದಿಲ್ಲಪ್ಪ," ಎಂದಳು. ಸೊಲೋಮಿಯಾ ಚಪ್ಪಾಳೆ ತಟ್ಟಿದಳು.

ಜೋಡಿ ಲಿಫ್ಟಿನೊಳಗೆ ಹೋದ ಮೇಲೆ ಯಜಮಾನ ಆ ವಸ್ತ್ರದ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದ.

"ಒಳ್ಳೇ ಬಟ್ಟೆ ಕಣಯ್ಯ," ಎಂದ. "ಜೋಪಾನವಾಗಿಟ್ಕೋ. ಸೋಮವಾರ ಮೇಜು ಖಾಲಿ ಮಾಡ್ತೀಯಲ್ಲ, ಧೂಳು ಒರೆಸೋಕಾಗುತ್ತೆ."