ಮಜ್ಜಿಗೆ ಲೋಟದ ವೈನು

೧. ದಾರಿ

“ಅಜ್ಜಾರ, ಇಲ್ಲಿ ವೈನ್ ಮಾಡೋ ದ್ರಾಕ್ಷಿ ತೋಟ ಎಲ್ಲೈತ್ರಿ?” ಎಂದು ನಾನು ಕೇಳಿದಾಗ ಶಿರಹಟ್ಟಿ ಬಿಟ್ಟು ಒಂದು ತಾಸಾಗಿತ್ತು. ಎದುರಿಗೆ ಸಿಮೆಂಟ್ ಪೈಪ್ ಮಾಡುವ ಕಾರ್ಖಾನೆಯ ಗೋಡೆ. ಕೈಯಲ್ಲಿದ್ದ ಮೊಬೈಲು ಮಾತ್ರ ‘ನೀವು ತಲುಪಿದ್ದೀರಿ’ ಎಂದು ಮೂರನೇ ಸಲ ಅಭಿನಂದಿಸುತ್ತಿತ್ತು. ಬಿಟ್ಟಿ ಜ್ಞಾನ ಹಂಚುವವರ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಮೊದಮೊದಲು ನಮಗೇ ನಗು ಬರುತ್ತದೆ, ಆಮೇಲೆ ನಗುವವರು ಬೇರೆಯವರಾಗುತ್ತಾರೆ.

ಕುರಿ ಮೇಯಿಸುತ್ತಿದ್ದ ಅಜ್ಜ ನನ್ನನ್ನು, ನನ್ನ ಸ್ಕೂಟಿಯನ್ನು, ಮೊಬೈಲನ್ನು ಸರದಿಯಂತೆ ನೋಡಿದ. ತೋಟ ಹಿಂದೆಯೇ ಉಳಿಯಿತು, ಮುಂಡರಗಿ ರಸ್ತೆಗೆ ಹೊರಳಬೇಕಿತ್ತು ಎಂದ. ಮೊಬೈಲ್ ನಂಬಿಕೊಂಡು ಪೈಪ್ ಕಾರ್ಖಾನೆಗೆ ವೈನ್ ಕೇಳಲು ಬಂದವರಲ್ಲಿ ಆ ವಾರ ನಾನು ಮೂರನೆಯವಳಂತೆ.

“ಇಲ್ಲಿ ಐತಿ ಅಂತ ಬರದಾಂವ ಯಾವನರ ಸಿಕ್ರ ನಮ್ಮ ಕಡೆ ಕಳಸ್ರಿ,” ಎಂದ. “ಈ ಬಿಸಲಾಗ ಒಂದ್ ತಾಸು ಕುರಿ ಕಾಯಾಕ ಹಚ್ತೀನಿ.”

ಬರೆದವಳು ನಾನೇ. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ಅಳಿಸಬಹುದಾದ ಒಂದು ವೈನ್ ಕೈಪಿಡಿ ಅಂತರ್ಜಾಲದಲ್ಲಿದೆ. ಅದಕ್ಕೂ ಮೊದಲು ಅಂಥದೇ ಒಂದು ವಿಶ್ವಕೋಶದಲ್ಲಿ ಹದಿನೈದು ವರ್ಷ ಕಂಡವರ ತಪ್ಪು ತಿದ್ದಿ ನುರಿತ ಕೈ ನನ್ನದು. ಬೆಟಗೇರಿಯ ನಮ್ಮ ಮಾಳಿಗೆಯಲ್ಲಿ ಕುಳಿತು, ಯಾರೋ ಕಳಿಸಿದ್ದ ಫೋಟೋದಲ್ಲಿ ಬಾಟಲಿಗೆ ಅಂಟಿಸಿದ್ದ ಚೀಟಿ ನೋಡಿ ಈ ತೋಟದ ಪುಟ ಶುರುಮಾಡಿದ್ದೆ. ನಕ್ಷೆಯ ಮೇಲೆ ಚುಕ್ಕಿಯನ್ನೂ ಇಟ್ಟಿದ್ದೆ. ಸಿಕ್ಕರೆ ಖಂಡಿತ ಕಳಿಸುತ್ತೇನೆ ಎಂದು ಅಜ್ಜನಿಗೆ ಹೇಳಿ ಗಾಡಿ ತಿರುಗಿಸಿದೆ.

೨. ಲೋಟ

ತೋಟದಾಕೆ ನನಗಿಂತ ಬಹಳ ಚಿಕ್ಕವಳು. ಮೂರು ತಿಂಗಳು ತರಬೇತಿಗೆ ಹೋಗಿ ವೈನ್ ಮಾಡುವುದನ್ನು ಕಲಿತು, ಮನೆಯ ಗಂಡಸರೆಲ್ಲ ಬೇಡವೆಂದರೂ ಹಟ ಹಿಡಿದು ಶುರುಮಾಡಿದವಳು. ಇದು ಅವಳ ಮೊದಲ ವರ್ಷದ ವೈನು. ಹುಬ್ಬಳ್ಳಿಯ ಒಂದು ಹೋಟೆಲ್ಲಿನವರು ಅಷ್ಟನ್ನೂ ಕೊಳ್ಳಲು ಒಪ್ಪಿದ್ದರು. ಮಾರಾಟವಾಗದಿದ್ದರೆ ಬಳ್ಳಿ ಕಿತ್ತು ಗೋವಿನಜೋಳ ಹಾಕುವುದೇ ಎಂದು ಗಂಡ ಮೊದಲೇ ಕರಾರು ಹಾಕಿದ್ದ.

ಬಿಸಿಲಲ್ಲಿ ಬಂದವಳಿಗೆ ಮೊದಲು ಒಂದು ಲೋಟ ಮಜ್ಜಿಗೆ ಬಂತು, ಜೀರಿಗೆ ಕರಿಬೇವಿನ ಒಗ್ಗರಣೆ ಬಿದ್ದದ್ದು. ಅದು ಇಲ್ಲಿಯ ಪದ್ಧತಿ. ಮಜ್ಜಿಗೆ ಕುಡಿಯದವರೊಂದಿಗೆ ಮುಂದಿನ ಮಾತಿಲ್ಲ. ಇನ್ನು ವೈನಿಗೆಂದೇ ತಂದಿದ್ದ ಉದ್ದ ಕಾಲಿನ ಗಾಜಿನ ಗ್ಲಾಸುಗಳು ತಿಜೋರಿಯಲ್ಲಿದ್ದವು, ತಿಜೋರಿಯ ಕೀಲಿಕೈ ಗಂಡನ ಕಿಸೆಯಲ್ಲಿತ್ತು, ಗಂಡ ಲಕ್ಷ್ಮೇಶ್ವರದ ಪೇಟೆಗೆ ಹೋಗಿದ್ದ. ಹಾಗಾಗಿ ನಾನು ಕುಡಿದಿಟ್ಟ ಸ್ಟೀಲಿನ ಲೋಟಕ್ಕೇ ಒಮ್ಮೆ ನೀರು ತೋರಿಸಿ ಅದರಲ್ಲೇ ವೈನು ತಂದುಕೊಟ್ಟಳು. ನಾನಾದರೋ ಮೊಬೈಲಿನಲ್ಲಿ ಮುಖ ಹುದುಗಿಸಿ ನಕ್ಷೆಯ ಚುಕ್ಕಿ ಸರಿಪಡಿಸುತ್ತಿದ್ದೆ. ಇದ್ಯಾವುದನ್ನೂ ನೋಡಲಿಲ್ಲ.

ಮೂಸಿದೆ. ಕಣ್ಣು ಮುಚ್ಚಿದೆ. ಜಾರ್ಜಿಯಾದಲ್ಲಿ ನೆಲದಲ್ಲಿ ಹೂತ ಮಣ್ಣಿನ ಹಂಡೆಯಿಂದ ತೋಡಿಕೊಟ್ಟ ವೈನು ಕುಡಿದವಳು ನಾನು, ಪೋರ್ಚುಗಲ್ಲಿನಲ್ಲಿ ಮೊಣಕಾಲುದ್ದ ದ್ರಾಕ್ಷಿ ತುಳಿದವಳು. ನನ್ನ ನಾಲಿಗೆಯ ಮೇಲೆ ನನಗಿದ್ದ ಭರವಸೆ ಯಾವ ಗಂಡಿನ ಮೇಲೂ ಇರಲಿಲ್ಲ. ಅಲ್ಲೇ ಕುಳಿತು ಕೈಪಿಡಿಯಲ್ಲಿ ಬರೆದೆ: ‘ಮೊದಲ ಗುಟುಕಿಗೆ ಕೆನೆ ಮಜ್ಜಿಗೆಯ ಮೃದುತನ. ಕೊನೆಗೆ, ಯಾರೂ ನಿರೀಕ್ಷಿಸದಂತೆ, ಕರಿಬೇವು.’

೩. ಸುದ್ದಿ

ಗದಗಿನ ಒಂದು ಪತ್ರಿಕೆ ವಾರದೊಳಗೆ ಆ ಸಾಲುಗಳನ್ನು ಎತ್ತಿಕೊಂಡು, ‘ನಮ್ಮ ಜಿಲ್ಲೆಯ ಮಜ್ಜಿಗೆ ವೈನ್’ ಎಂದು ತಲೆಬರಹ ಕೊಟ್ಟು ಅಚ್ಚು ಹಾಕಿತು. ನನ್ನ ಹೆಸರು ಇರಲಿಲ್ಲ. ಆಗ ಬೇಜಾರಾಗಿತ್ತು. ಈಗ ನೆನೆದರೆ ಅದೇ ನನ್ನ ಕೊನೆಯ ಅದೃಷ್ಟ.

ತೋಟದಾಕೆ ಫೋನ್ ಮಾಡಿದಳು. ಮುಂಡರಗಿಯಿಂದ ಒಬ್ಬರು ಬಂದು, ಹೊಟ್ಟೆಯ ಉಷ್ಣಕ್ಕೆ ದಿನಕ್ಕೆ ಎಷ್ಟು ಚಮಚ ಎಂದು ಕೇಳಿದರಂತೆ. ಇನ್ನೊಬ್ಬರು, ಮಜ್ಜಿಗೆ ಎಮ್ಮೆಯದೋ ಆಕಳದೋ ಎಂದು ವಿಚಾರಿಸಿದರಂತೆ. ಅದೆಲ್ಲ ಇರಲಿ, ಹೋಟೆಲ್ಲಿನವರು ಹಿಂದೆ ಸರಿದಿದ್ದರು. ನಮ್ಮ ಗಿರಾಕಿಗಳು ಕೈಪಿಡಿ ನೋಡಿಯೇ ಕುಡಿಯುವವರು, ಅಲ್ಲಿಂದ ಮಜ್ಜಿಗೆ ಹೋದರೆ ಗಾಡಿ ಕಳಿಸುತ್ತೇವೆ ಎಂದಿದ್ದರು. ಗಂಡ ಗೋವಿನಜೋಳದ ಬೀಜ ವಿಚಾರಿಸಲು ಶುರುಮಾಡಿದ್ದ.

“ಅಕ್ಕಾರ, ಒಂದ್ ಮಾತು, ಸಿಟ್ಟಾಗಬ್ಯಾಡ್ರಿ,” ಎಂದಳು. “ಅವತ್ತ ನೀವು ಮಜ್ಜಿಗಿ ಕುಡದ ಲೋಟದಾಗನ ವೈನ್ ಕೊಟ್ಟಿದ್ದೆ. ನಿಮಗ ಗೊತ್ತಾಗಿರ್ತೈತಿ ಅನ್ಕೊಂಡೆ. ಇಷ್ಟ್ ದೇಶ ತಿರಗಿದವ್ರು.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಇದು ನನ್ನ ಮೇಲಿನ ಋಣ, ಇವತ್ತೇ ಅಳಿಸಿ ತೀರಿಸುತ್ತೇನೆ ಎಂದೆ. ಅಳಿಸುವುದಕ್ಕೆ ಎಷ್ಟು ಹೊತ್ತು, ಒಂದು ಗುಂಡಿ ಒತ್ತಿದರಾಯಿತು.

೪. ನಿಯಮ

ಒತ್ತಿದೆ. ನಾಲ್ಕು ನಿಮಿಷದಲ್ಲಿ ಸಾಲು ವಾಪಸು ಬಂತು. ಎಲ್ಲೋ ದೂರದ, ಮುಖ ಕಾಣದ ಸಂಪಾದಕನೊಬ್ಬ ಅದನ್ನು ಮರಳಿ ಕೂರಿಸಿ, ‘ಅಚ್ಚಾದ ಆಕರವಿರುವ ಮಾಹಿತಿಯನ್ನು ಅಳಿಸಬಾರದು’ ಎಂದು ಷರಾ ಬರೆದಿದ್ದ. ಆಕರ ಯಾವುದು? ಗದಗಿನ ಪತ್ರಿಕೆ. ಪತ್ರಿಕೆಗೆ ಆಕರ ಯಾವುದು? ನಾನು.

ಅವನಿಗೆ ಎಲ್ಲ ಬಿಡಿಸಿ ಬರೆದೆ. ಅದನ್ನು ಮೊದಲು ಬರೆದವಳು ನಾನೇ, ಪತ್ರಿಕೆ ನನ್ನಿಂದಲೇ ಎತ್ತಿಕೊಂಡಿದೆ, ಲೋಟ ಮಜ್ಜಿಗೆಯದು. ಉತ್ತರ ಬಂತು: ಬರೆದವರ ಸ್ವಂತ ಅನುಭವ ಆಕರವಾಗುವುದಿಲ್ಲ. ಲೋಟದ ಬಗ್ಗೆ ಎಲ್ಲಾದರೂ ಅಚ್ಚಾಗಿದೆಯೇ? ಇನ್ನೊಮ್ಮೆ ಅಳಿಸಿದರೆ ನಿಮ್ಮನ್ನು ಹೊರಗಿಡಬೇಕಾಗುತ್ತದೆ. ಮಜ್ಜಿಗೆ ಇದೆ ಎಂದಾಗ ನನ್ನನ್ನು ಯಾರೂ ಆಕರ ಕೇಳಿರಲಿಲ್ಲ. ಇಲ್ಲ ಎಂದಾಗ ಕೇಳಿದರು.

ಸಿಟ್ಟು ಬರಬೇಕಿತ್ತು. ಬಂದದ್ದು ಲಕ್ಷ್ಮೇಶ್ವರದ ಒಬ್ಬ ನಿವೃತ್ತ ಮಾಸ್ತರರ ನೆನಪು. ವಿಶ್ವಕೋಶದಲ್ಲಿ ಅವರು ತಮ್ಮ ಓಣಿಯ ಹಳೆಯ ಬಸದಿಯ ಬಾಗಿಲ ಬಗ್ಗೆ ನಾಲ್ಕು ಸಾಲು ಬರೆದಿದ್ದರು. ಆಕರವಿಲ್ಲವೆಂದು ನಾನು ಹೊಡೆದುಹಾಕಿದ್ದೆ. ‘ಅಲ್ಲ ಯವ್ವಾ, ದಿನಾ ಅದ ಬಾಗಲದಾಗ ಹಾದು ಹೋಗ್ತೀನಲ್ಲ’ ಎಂದು ಬರೆದು ಕೇಳಿದ್ದರು. ಹಾದು ಹೋಗುವುದು ಆಕರವಲ್ಲ ಎಂದು, ನಿಯಮದ ಸಂಖ್ಯೆಯ ಸಮೇತ ಉತ್ತರಿಸಿದ್ದೆ. ಅವರು ಮತ್ತೆ ಬರೆಯಲಿಲ್ಲ. ಬಾಗಿಲು ಇನ್ನೂ ಅಲ್ಲೇ ಇದೆಯಂತೆ. ಆದರೆ ಅದಕ್ಕೂ ನನ್ನ ಬಳಿ ಆಕರವಿಲ್ಲ.

೫. ತಿದ್ದುಪಡಿ

ಅಚ್ಚಾದದ್ದು ಬೇಕು, ಅಷ್ಟೇ ತಾನೆ. ಗದಗಿಗೆ, ಆ ಪತ್ರಿಕೆಯ ಕಚೇರಿಗೇ ಹೋದೆ. ಉಪಸಂಪಾದಕರು ಚಹಾ ತರಿಸಿ, ತಿದ್ದುಪಡಿ ಹಾಕುವ ರೂಢಿ ನಮ್ಮಲ್ಲಿಲ್ಲ, ಒಂದು ತಪ್ಪು ಒಪ್ಪಿಕೊಂಡರೆ ಉಳಿದದ್ದರ ಮೇಲೂ ಜನಕ್ಕೆ ಸಂಶಯ ಬರುತ್ತದೆ ಎಂದರು. ತಪ್ಪು ಪತ್ರಿಕೆಯದಲ್ಲ, ನನ್ನದು ಎಂದೆ. ಅವರ ಮುಖ ಅರಳಿತು.

“ಹಂಗಿದ್ರ ಅದು ತಿದ್ದುಪಡಿ ಅಲ್ರಿ ಅಕ್ಕಾರ, ಸುದ್ದಿ,” ಎಂದು ಪೆನ್ನು ತೆಗೆದರು.

ಮರುದಿನ ಉಳ್ಳಾಗಡ್ಡಿ ಧಾರಣೆಯ ಕೆಳಗೆ ಬಂತು: ‘ಮಜ್ಜಿಗೆ ಕುಡಿದ ಲೋಟದಲ್ಲೇ ವೈನು ಕುಡಿದು, ಎರಡರ ವ್ಯತ್ಯಾಸ ತಿಳಿಯದೆ ಬೆಟಗೇರಿಯ ಮಹಿಳೆಯೊಬ್ಬರು ತಪ್ಪು ಮಾಹಿತಿ ಹಬ್ಬಿಸಿದ್ದು, ಸದರಿ ವೈನಿನಲ್ಲಿ ಮಜ್ಜಿಗೆ ಇಲ್ಲವೆಂದು ತಿಳಿದುಬಂದಿದೆ.’ ಮುಂದೆ ನನ್ನ ಹೆಸರು, ಓಣಿಯ ಸಮೇತ.

ಅದನ್ನೇ ಆಕರವಾಗಿ ಕೊಟ್ಟು ಸಾಲನ್ನು ಅಳಿಸಿದೆ. ಮುಖ ಕಾಣದ ಸಂಪಾದಕ ಈ ಸಲ ಅದನ್ನು ಮರಳಿಸಲಿಲ್ಲ. ‘ಉತ್ತಮ ಆಕರ, ಧನ್ಯವಾದ’ ಎಂದು ಬರೆದ. ಇಷ್ಟು ವರ್ಷಗಳ ಬಿಟ್ಟಿ ಚಾಕರಿಯಲ್ಲಿ ನನಗೆ ಸಿಕ್ಕ ಮೊದಲ ಧನ್ಯವಾದ. ಅಷ್ಟಕ್ಕೇ ಬಿಡಲಿಲ್ಲ. ಇಂಥ ಒಳ್ಳೆಯ ಆಕರ ವ್ಯರ್ಥವಾಗಬಾರದೆಂದು ಪುಟದ ಕೊನೆಗೆ ‘ಇತಿಹಾಸ’ ಎಂಬ ಭಾಗ ತೆರೆದು, ನನ್ನ ಹೆಸರು, ಓಣಿ, ಲೋಟ ಮೂರನ್ನೂ ಅಲ್ಲಿ ಪ್ರತಿಷ್ಠಾಪಿಸಿದ. ಅದನ್ನು ಅಳಿಸುವಂತಿಲ್ಲ. ಅಚ್ಚಾಗಿದೆ.

ಹೋಟೆಲ್ಲಿನ ಗಾಡಿ ಬಂದ ದಿನ ತೋಟಕ್ಕೆ ಹೋದೆ, ಈ ಸಲ ದಾರಿ ತಪ್ಪದೆ. ತೋಟದಾಕೆಗೆ ಇದ್ದದ್ದು ಒಂದೇ ಆಸೆ: ಪುಟದಲ್ಲಿ ಈಗ ಏನಿದೆ ಎಂಬುದನ್ನು ನಾನು ಎಲ್ಲರೆದುರು ಓದಬೇಕು. ಅವಳ ಗಂಡ, ಪೆಟ್ಟಿಗೆ ಹೇರುತ್ತಿದ್ದ ಹೆಣ್ಣುಮಕ್ಕಳು, ಗಾಡಿಯ ಡ್ರೈವರು, ಎಲ್ಲ ಬಂದು ನಿಂತರು. ‘ಇತಿಹಾಸ’ ಬರುವವರೆಗೆ ಓದಿ ಮೊಬೈಲು ಪರ್ಸಿಗೆ ಹಾಕಲು ಹೋದೆ.

“ಪೂರಾ ಓದ್ರಿ ಅಕ್ಕಾರ,” ಎಂದಳು.

ಪೂರಾ ಓದಿದೆ, ಓಣಿಯ ಹೆಸರಿನವರೆಗೆ. ಡ್ರೈವರು ಇನ್ನೊಮ್ಮೆ ಓದಿಸಿದ.

“ಆತು ಬಿಡ್ರಿ, ಋಣ ತೀರ್ತು,” ಎಂದು ತೋಟದಾಕೆ ಗಂಡನ ಮುಂದೆ ಕೈ ಚಾಚಿದಳು. ಅವನು ಕಿಸೆಯಿಂದ ಕೀಲಿಕೈ ತೆಗೆದು ಕೊಟ್ಟ. ತಿಜೋರಿಯಿಂದ ಉದ್ದ ಕಾಲಿನ ಗಾಜಿನ ಗ್ಲಾಸು ಹೊರಬಂತು. ಒಳಗೆ ಒಯ್ದು ತುಂಬಿಸಿ ತಂದು ನನ್ನ ಕೈಗಿಟ್ಟಳು. ಬೆಳ್ಳಗಿತ್ತು. ಮೇಲೆ ಒಂದು ಕರಿಬೇವಿನ ಎಲೆ ತೇಲುತ್ತಿತ್ತು.

“ಕುಡದು, ಇದೇನು ಹೇಳ್ರಿ ನೋಡೋಣ.”

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮೂಸಿದೆ. ಕಣ್ಣು ಮುಚ್ಚಿದೆ. ಒಂದೇ ಉಸಿರಿಗೆ ಗ್ಲಾಸು ಬರಿದು ಮಾಡಿದೆ.

“ಪೇಪರಿನ್ಯಾಗ ಬರಲಿ ತಂಗಿ,” ಎಂದೆ. “ಬಂದ ಮ್ಯಾಲೆ ಹೇಳ್ತೀನಿ.”